ಮದುಮಗಳ ಮುಖಕ್ಕೊಂದು ಗೋಡೆ

ಬಣ್ಣಕ್ಕಾಗಿ ಜಗಳವಾಡಿ ಊಟ ಬಿಟ್ಟವರನ್ನು ನೋಡಬೇಕೆಂದಿದ್ದರೆ ಆ ಬುಧವಾರ ಕಂಪ್ಲಿಗೆ ಬರಬೇಕಿತ್ತು. ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಕಂಡಕ್ಟರ್ ಹಂಪೇಶನ ಮನೆ. ಒಲೆಯ ಮೇಲೆ ಮಾಡಿಟ್ಟ ಸಾರು ಮಾಡಿಟ್ಟ ಹಾಗೇ ಆರುತ್ತಿತ್ತು. ಹಂಪೇಶನ ಹೆಂಡತಿ ಶೈಲಶ್ರೀ ಮುಂದಿನ ಕೋಣೆಯ ಈ ಮೂಲೆಗೆ ನಿಂತಿದ್ದಳು, ಅವನ ತಾಯಿ ಕೊಟ್ರಮ್ಮ ಆ ಮೂಲೆಗೆ. ನಡುವೆ ಪೇಂಟರ್ ಜಂಬಯ್ಯ ಬಣ್ಣದ ಕಾರ್ಡನ್ನು ಇಸ್ಪೀಟೆಲೆಯ ಹಾಗೆ ಬಿಡಿಸಿ ಹಿಡಿದುಕೊಂಡು, ಯಾರ ಮುಖ ನೋಡಿದರೆ ಯಾರಿಗೆ ಸಿಟ್ಟು ಬರುತ್ತದೋ ಎಂದು ಕಿಟಕಿಯನ್ನೇ ನೋಡುತ್ತಿದ್ದ.

ಕೋಣೆಯೇನು ಅರಮನೆಯಲ್ಲ, ಹತ್ತಡಿಗೆ ಹನ್ನೆರಡಡಿ. ಬೀದಿಗೊಂದು ಬಾಗಿಲು, ಪೂರ್ವಕ್ಕೊಂದು ಕಿಟಕಿ. ಮೊನ್ನೆ ಮೊನ್ನೆಯ ತನಕ ಅದರ ತುಂಬ ಅಕ್ಕಿ ಚೀಲ, ಕೆಟ್ಟು ಕೂತ ಕೂಲರ್, ಕಾಲು ಮುರಿದ ಮಂಚ. ಈಗ ಅಲ್ಲಿ ಶೈಲಶ್ರೀಯ ಬ್ಯೂಟಿ ಪಾರ್ಲರ್ ಆಗಬೇಕಿತ್ತು. ಅದಕ್ಕಾಗಿ ಅವಳು ಆರು ತಿಂಗಳು ದಿನವೂ ಗಂಡನ ಬಸ್ಸಿನಲ್ಲೇ ಹೊಸಪೇಟೆಗೆ ಹೋಗಿ ಬಂದು ಕೆಲಸ ಕಲಿತಿದ್ದಳು. ತವರು ಮೆಟ್ರಿಯಲ್ಲಿ ನಾಲ್ವರು ಅಕ್ಕತಂಗಿಯರಿಗೆ ಸೇರಿ ಒಂದೇ ಟ್ರಂಕು. ಮದುವೆಯಾಗಿ ಬಂದ ಮೇಲೆ ಬೀರುವಿನಲ್ಲಿ ಒಂದು ಹಲಗೆ. ಮೂವತ್ತೊಂದು ವರ್ಷಕ್ಕೆ, ಇದು ನನ್ನದು ಎಂದು ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳಬಹುದಾದ ಜಾಗ ಅವಳಿಗೆ ಸಿಕ್ಕಿದ್ದು ಇದೇ ಮೊದಲು. ಅವಳಿಗೆ ನಿದ್ದೆ ಹತ್ತುತ್ತಿರಲಿಲ್ಲ, ಹಸಿವಾಗುತ್ತಿರಲಿಲ್ಲ, ನೀರು ತರಲು ಹೋದವಳು ಕೊಡ ಬಿಟ್ಟು ಬರುತ್ತಿದ್ದಳು. ಅಷ್ಟು ಖುಷಿ.

ಆದರೆ ಸಿಕ್ಕಿತ್ತು ಅಂದರೆ ಪೂರ್ತಿ ಸಿಕ್ಕಿರಲಿಲ್ಲ. ಗೊಬ್ಬರದ ಅಂಗಡಿಯ ಹೊನ್ನೂರಪ್ಪ ಅದೇ ಕೋಣೆಯನ್ನು ಗೋದಾಮಿಗೆ ಕೇಳಿ ಹೋಗಿದ್ದ. ಕೊಟ್ರಮ್ಮ ಅವನಿಗೂ ಇಲ್ಲ ಅನ್ನಲಿಲ್ಲ, ಸೊಸೆಗೂ ಇಲ್ಲ ಅನ್ನಲಿಲ್ಲ. ಎರಡು ದೋಣಿಯ ಮೇಲೆ ಕಾಲಿಡುವುದರಲ್ಲಿ ಆಕೆಗೆ ಭಾರೀ ಅಭ್ಯಾಸ.

"ಒಂದು ಮದಿಮಗಳನ್ನ ರೆಡಿ ಮಾಡಿ ತೋರ್ಸು," ಎಂದಿದ್ದಳು ಸೊಸೆಗೆ. "ಊರು ಹೌದು ಅಂದ್ರ ಕೋಣಿ ನಿಂದು. ಊರು ನಕ್ಕರ ಹೊನ್ನೂರಪ್ಪಂದು. ಆಮ್ಯಾಲೆ ಅತ್ತು ಕರದು ಮಾಡಂಗಿಲ್ಲ."

ದೇವರು ದೊಡ್ಡವನು, ಮದುಮಗಳೂ ಸಿಕ್ಕಿಬಿಟ್ಟಳು. ಅಕ್ಕಿ ಮಿಲ್ಲಿನ ಸುಧಾರಾಣಿಯ ಒಬ್ಬಳೇ ಮಗಳು ಸ್ಫೂರ್ತಿ. ಗೆಳತಿಯ ಸೀಮಂತದಲ್ಲಿ ಶೈಲಶ್ರೀ ಹೆಣೆದ ಜಡೆ ನೋಡಿ, ನನ್ನ ಮದುವೆಗೆ ಈ ಅಕ್ಕನೇ ಬೇಕು ಎಂದು ಹಟ ಹಿಡಿದಿದ್ದಳು. ಮದುವೆ ಬರುವ ಭಾನುವಾರ. ಸುಧಾರಾಣಿ ಅಂದರೆ ಊರಿಗೆ ಊರೇ ಎದ್ದು ಕೂರುವ ಹೆಂಗಸು. ಆಕೆ ಚಲೋ ಅಂದಿದ್ದು ಸಂಜೆಯೊಳಗೆ ಹತ್ತು ಓಣಿಗೆ ಚಲೋ ಆಗುತ್ತಿತ್ತು, ಛೀ ಅಂದಿದ್ದು ಮಧ್ಯಾಹ್ನದೊಳಗೇ ಛೀ ಆಗುತ್ತಿತ್ತು.

ಹೀಗೆ ಒಂದು ಮುಖದ ಮೇಲೆ ಒಂದು ಕೋಣೆ ನಿಂತಿರುವಾಗ ಗೋಡೆಗೆ ಯಾವ ಬಣ್ಣ ಅನ್ನುವುದು ಸಣ್ಣ ಮಾತಲ್ಲ. ಶೈಲಶ್ರೀಗೆ ತಿಳಿನೀಲಿ ಬೇಕಿತ್ತು. ಬಿಸಿಲಲ್ಲಿ ಬೆಂದು ಬಂದ ಹೆಂಗಸರು ಒಳಗೆ ಕಾಲಿಟ್ಟ ಕೂಡಲೇ ಹೊಳೆಯ ಹತ್ತಿರ ಬಂದ ಹಾಗೆ ಅನ್ನಿಸಬೇಕು ಅಂತ ಅವಳ ಆಸೆ. ಕೊಟ್ರಮ್ಮನಿಗೆ ಕನಕಾಂಬರದ ಬಣ್ಣ ಬೇಕಿತ್ತು. ಗಾಢ ಅಲ್ಲ, ಒಣಗಿದ ಹೂವಿನಷ್ಟು ತೆಳು.

"ಮದಿಮಗಳು ಕುಂದ್ರೋ ಜಾಗ. ನೀಲಿ ಹಚ್ಚಿ ದವಾಖಾನಿ ಮಾಡ್ತೀಯೇನು?"

"ಅತ್ತಿ, ಈ ಬಿಸ್ಲಾಗ ಮತ್ತ ಕೆಂಪು ಹಳದಿ ಬಳದ್ರ ಮಂದಿ ಒಳಗ ಕುಂದ್ರಂಗಿಲ್ಲ. ಕಣ್ಣಿಗೆ ತಂಪು ಬ್ಯಾಡೇನ್ರಿ?"

"ಕಣ್ಣಿಗೆ ತಂಪು ಬೇಕಂದ್ರ ಹರಳೆಣ್ಣಿ ಹಚ್ಕೊಳ್ಳಿ. ಮುಖಕ್ಕ ಕಳೆ ಬೇಕು."

ಜಂಬಯ್ಯ ಬಂಡ್ರಿಯವನು. ಮಗಳನ್ನು ಕಂಪ್ಲಿಗೆ ಕೊಟ್ಟ ಮೇಲೆ ತಾನೂ ಇಲ್ಲೇ ಬ್ರಷ್ ಹಿಡಿದು ನಿಂತವನು. ಅದಕ್ಕೂ ಮುಂಚೆ ಇಪ್ಪತ್ತು ವರ್ಷ ಸಂಡೂರು ಸೀಮೆಯ ಗಣಿ ಕ್ವಾರ್ಟರ್ಸುಗಳಿಗೆಲ್ಲ ಬಣ್ಣ ಬಳಿದಿದ್ದ. ಅಲ್ಲಿ ಬಣ್ಣ ಆರಿಸುವ ಗೋಜೇ ಇಲ್ಲ. ಸೊಂಟದ ಮಟ್ಟ ಕೆಮ್ಮಣ್ಣಿನ ಬಣ್ಣ ಬಳಿದರೆ ಆಯಿತು, ಉಳಿದಿದ್ದನ್ನು ಧೂಳೇ ಬಳಿಯುತ್ತದೆ. ಅತ್ತೆ ಸೊಸೆಯರ ಜಗಳ ಅವನಿಗೆ ಹೊಸದು. ಕೊನೆಗೆ ಬೇಸತ್ತು, "ಎರಡೂ ಹಚ್ತೀನ್ರೀ ಅಮ್ಮಾರ," ಎಂದ. "ಈ ಕಡಿ ಗ್ವಾಡಿಗೆ ನೀಲಿ, ಆ ಕಡಿ ಗ್ವಾಡಿಗೆ ಕನಕಾಂಬರ. ನಡುವ ಕನ್ನಡಿ ಇಟ್ಕೊಂಡು ನೀವ ನೋಡ್ರಿ. ನನ್ನ ಮನಿಗೆ ಬಿಡ್ರಿ."

ಹಂಪೇಶ ಹೊಸಪೇಟೆಯಿಂದ ಮಧ್ಯಾಹ್ನದ ಟ್ರಿಪ್ಪಿನಲ್ಲಿ ಎರಡೂ ಡಬ್ಬಿ ತಂದ. ಕಂಡಕ್ಟರೇ ಸಾಮಾನು ಹೊತ್ತು ತಂದರೆ ಜನ ಬಿಡುತ್ತಾರೆಯೇ? ಡಬ್ಬಿಗೆ ಟಿಕೆಟ್ ಹರಿದೆಯಾ ಎಂದು ಬಸ್ಸಿಡೀ ಕೇಳಿತಂತೆ. ಹರಿದಿದ್ದೇನೆ ಎಂದು ಅವನು ತೋರಿಸಿದನಂತೆ. ಹೀಗೆ ಪಾರ್ಲರಿಗೆ ಬಣ್ಣ ಬಂದ ಸುದ್ದಿ ಬಣ್ಣ ಒಣಗುವುದರೊಳಗೆ ಓಣಿ ಪೂರ್ತಿ ಹಬ್ಬಿತು.

ಮರುದಿನ ಬೆಳಿಗ್ಗೆ ಮೊದಲು ಬಂದವಳು ತರಕಾರಿ ಮಾರುವ ದುರ್ಗಕ್ಕ. ಬುಟ್ಟಿ ಇಳಿಸಿ, ಬರೀ ನೋಡಿ ಹೋಗುತ್ತೇನೆ ಎಂದು ಕುರ್ಚಿಯ ಮೇಲೆ ಕೂತಳು. ಶೈಲಶ್ರೀ ಕುರ್ಚಿಯನ್ನು ನೀಲಿ ಗೋಡೆಯ ಕಡೆಗೆ ಸರಿಸಿ ಕನ್ನಡಿ ಹಿಡಿದಳು. ದುರ್ಗಕ್ಕ ತನ್ನ ಗಲ್ಲ ಮುಟ್ಟಿಕೊಂಡಳು.

"ಯವ್ವಾ ಶೈಲಾ, ನಾನು ಸತ್ತು ಮೂರು ದಿನ ಆದಂಗ ಕಾಣ್ತೀನಲ್ಲ."

"ಇಲ್ಲಿ ಬರ್ರಿ, ಈ ಕಡಿ ಕುಂದ್ರಿ," ಎಂದಳು ಕೊಟ್ರಮ್ಮ. ದನಿಯಲ್ಲಿ ಆಗಲೇ ಗೆದ್ದ ಗತ್ತಿತ್ತು.

ದುರ್ಗಕ್ಕ ಕನಕಾಂಬರದ ಗೋಡೆಯ ಹತ್ತಿರ ಕೂತಳು. ಕನ್ನಡಿ ನೋಡಿದಳು, ಸೆರಗು ಸರಿ ಮಾಡಿಕೊಂಡಳು, ಮತ್ತೆ ನೋಡಿದಳು. ಕಿಟಕಿಯ ಬೆಳಕು ಗೋಡೆಗೆ ಬಡಿದು ಅವಳ ಮುಖಕ್ಕೆ ಬರುತ್ತಿತ್ತು. ಬಿಸಿಲಲ್ಲಿ ಕೂತು ಕೂತು ಸುಟ್ಟ ಮುಖ ಅಲ್ಲಿ ಬಂಗಾರದ ಹಾಗೆ ಕಾಣುತ್ತಿತ್ತು. ಬುಟ್ಟಿಯಲ್ಲಿ ಮೆಂತ್ಯ ಬಾಡುತ್ತಿದ್ದರೂ ಅವಳು ಏಳಲಿಲ್ಲ. ಆಮೇಲೆ ಪಕ್ಕದ ಮನೆಯವರು ಬಂದರು, ಎದುರು ಮನೆಯವರು ಬಂದರು, ಬಸ್ಸು ತಪ್ಪಿಸಿಕೊಂಡ ಇಬ್ಬರು ಟೀಚರುಗಳೂ ಬಂದು ಕೂತು ಎದ್ದರು. ನೀಲಿಗೆ ಒಂದು ವೋಟೂ ಬೀಳಲಿಲ್ಲ.

ಎಲ್ಲರೂ ಹೋದ ಮೇಲೆ ಕೊಟ್ರಮ್ಮ ತಾನೂ ಕೂತಳು. ಅರವತ್ತು ದಾಟಿದ ಹೆಂಗಸು. ಹುಟ್ಟಿದಾಗಿನಿಂದ ಕರಿಯವ್ವ ಅಂತಲೇ ಕರೆಸಿಕೊಂಡು ಬೆಳೆದವಳು, ಫೋಟೋ ತೆಗೆಯುವಾಗ ಹಿಂದಿನ ಸಾಲಿಗೆ ಸರಿಯುವವಳು. ಬಾಗಿಲ ಸಂದಿಯಿಂದ ಶೈಲಶ್ರೀ ನೋಡಿದಳು. ಅತ್ತೆ ಕನ್ನಡಿಯನ್ನು ದೂರ ಹಿಡಿದು, ಹತ್ತಿರ ಹಿಡಿದು, ಮುಖ ಆ ಕಡೆ ಈ ಕಡೆ ತಿರುಗಿಸಿ ನೋಡಿಕೊಳ್ಳುತ್ತಿದ್ದಳು. ಅದನ್ನು ಕಂಡು ಶೈಲಶ್ರೀಯ ಕರುಳು ಚುರುಕ್ ಎಂದಿತು. ನೀಲಿಯ ಆಸೆ ಅಲ್ಲಿಗೇ ಬಿಟ್ಟುಹೋಯಿತು.

"ಜಂಬಣ್ಣ, ನಾಕೂ ಗ್ವಾಡಿಗೆ ಕನಕಾಂಬರ ಹಚ್ಚಿಬಿಡು," ಎಂದಳು. ಸೋತೆನೆಂಬ ಬೇಸರ ಅವಳಿಗೆ ಒಂದಿಷ್ಟೂ ಆಗಲಿಲ್ಲ. ಬದಲಿಗೆ, ಇಷ್ಟು ಚಂದ ಕಾಣಿಸುವ ಕೋಣೆ ಇಟ್ಟುಕೊಂಡು ಯಾರಾದರೂ ಸೋಲುವುದು ಹೇಗೆ ಎಂದು ಹಿಗ್ಗುತ್ತ ತಾನೇ ಡಬ್ಬಿಯ ಮುಚ್ಚಳ ತೆರೆದು ಕೊಟ್ಟಳು.

ಶುಕ್ರವಾರ ಸಂಜೆಗೆ ಕೋಣೆ ತಯಾರಾಯಿತು. ಗೋಡೆಗೆ ದೊಡ್ಡ ಕನ್ನಡಿ, ಅದರ ಮುಂದೆ ಹಂಪೇಶ ಎಲ್ಲಿಂದಲೋ ಹೊಂದಿಸಿದ ತಿರುಗುವ ಕುರ್ಚಿ. ಬಂದವರೆಲ್ಲ ಚಂದ ಕಂಡರು. ಹಿಟ್ಟಿನ ಗಿರಣಿಯಿಂದ ಬಂದವಳೂ ಚಂದ ಕಂಡಳು, ಹಲ್ಲುನೋವಿನಿಂದ ಗಲ್ಲ ಊದಿದವಳೂ ಚಂದ ಕಂಡಳು. ಯಾರ ಮುಖವಾದರೂ ಚಂದ ಕಾಣುತ್ತಿದೆಯಲ್ಲ, ಇದರಲ್ಲೇನೋ ಐಬಿದೆ ಅಂತ ಒಬ್ಬರಿಗಾದರೂ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ತನ್ನ ಮುಖ ಚಂದ ಕಾಣುವಾಗ ಯಾರು ತಕರಾರು ತೆಗೆಯುತ್ತಾರೆ?

ಶನಿವಾರ ಬೆಳಿಗ್ಗೆ ಸುಧಾರಾಣಿಯ ಮನೆಯಲ್ಲಿ ಅರಿಶಿಣ. ಅವರ ಮನೆತನದಲ್ಲಿ ಒಂದು ಪದ್ಧತಿ: ಅರಿಶಿಣ ಹಚ್ಚಿ ನೀರು ಹಾಕಿದ ಮೇಲೆ, ತಾಳಿ ಬೀಳುವ ತನಕ ಮದುಮಗಳ ಮೈಗೆ ಸೋಪು ಮುಟ್ಟಿಸುವಂತಿಲ್ಲ. ಮುಖಕ್ಕೂ ಅಷ್ಟೇ. ಐದು ಜನ ಮುತ್ತೈದೆಯರು ಕೈ ತುಂಬ ಬಳಿದ ಅರಿಶಿಣ ಮರುದಿನದ ತನಕ ಹಾಗೇ ಇರಬೇಕು. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ, ನಾಳಿನ ಅಲಂಕಾರ ಹೇಗಿರುತ್ತದೆ ಒಮ್ಮೆ ಮಾಡಿ ತೋರಿಸು ಎಂದು ತಾಯಿ ಮಗಳು ಇಬ್ಬರೂ ಬಂದರು. ಜೊತೆಗೆ ಮದುವೆ ಮನೆಯ ಏಳೆಂಟು ಹೆಂಗಸರು, ಬಾಗಿಲಲ್ಲಿ ಓಣಿಯ ಹತ್ತು ಜನ.

ಶೈಲಶ್ರೀ ತಾಸು ಹೊತ್ತು ಬೆವರು ಒರೆಸಿಕೊಳ್ಳದೆ ಕೆಲಸ ಮಾಡಿದಳು. ಗೋಡೆಯ ಬೆಳಕಲ್ಲಿ ಸ್ಫೂರ್ತಿಯ ಮುಖ, ಕತ್ತು, ಕೈ ಎಲ್ಲ ಒಂದೇ ಬಂಗಾರದ ಬಣ್ಣ. ಹೊಸಪೇಟೆಯಲ್ಲಿ ಕಲಿಸಿದ ಹಾಗೆ ಕತ್ತಿನ ಬಣ್ಣಕ್ಕೆ ಕ್ರೀಮು ಹೊಂದಿಸಿ, ಹದವಾಗಿ ಹಚ್ಚಿ, ಕಣ್ಣು ತೀಡಿ, ತುಟಿಗೆ ಬಣ್ಣ ಕೊಟ್ಟು ಹಿಂದೆ ಸರಿದು ನಿಂತಳು. ಹೆಂಗಸರೆಲ್ಲ ಒಂದು ಸಲ ಉಸಿರು ಎಳೆದುಕೊಂಡರು. ಕನ್ನಡಿಯಲ್ಲಿ ಸ್ಫೂರ್ತಿ ತನ್ನನ್ನೇ ನೋಡಿ ನಾಚಿದಳು.

"ಮಸ್ತ್ ಆಗೈತಿ," ಎಂದಳು ಸುಧಾರಾಣಿ. "ಹೊರಗ ಬಾರವ್ವ, ಒಂದು ಫೋಟೋ ತೆಗಿಯೋಣು."

ಮಗಳು ಮೆಟ್ಟಿಲಿಳಿದು ಬಿಸಿಲಿಗೆ ಬಂದಳು. ಬಂದದ್ದೇ ತಡ, ಬೀದಿಯಲ್ಲಿದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಯಾರೋ ಬಾಯಿಗೆ ಸೆರಗು ಒತ್ತಿಕೊಂಡರು. ಬಿಸಿಲಲ್ಲಿ ಸ್ಫೂರ್ತಿಯ ಮುಖ ಒಂದು ಬಣ್ಣ, ಕತ್ತು ಇನ್ನೊಂದು ಬಣ್ಣ. ಗದ್ದದ ತನಕ ಮೈದಾಹಿಟ್ಟು ತಟ್ಟಿದ ಬಿಳುಪು, ಗದ್ದದ ಕೆಳಗೆ ಅರಿಶಿಣದ ಕಡು ಹಳದಿ. ಕಿವಿ ಹಳದಿ. ಕೈ ಹಳದಿ. ಹಣೆಯ ಮೇಲೆ ಕೂದಲ ಬುಡದಲ್ಲಿ ಒಂದು ಹಳದಿ ಗೆರೆ, ಊರ ಗಡಿ ಗುರುತು ಹಾಕಿದ ಹಾಗೆ. ಒಳಗೆ ಇದರಲ್ಲಿ ಒಂದೂ ಕಂಡಿರಲಿಲ್ಲ.

"ಕುಂಬಳಕಾಯಿಗೆ ಸುಣ್ಣ ಬಳದಂಗ ಆತಲ್ಲ," ಎಂದಳು ಸುಧಾರಾಣಿ. ಜೋರಾಗಿಯೇ ಅಂದಳು. ಬೀದಿ ನಕ್ಕಿತು. ಸ್ಫೂರ್ತಿ ಫೋನಿನ ಕ್ಯಾಮೆರಾದಲ್ಲಿ ತನ್ನನ್ನು ನೋಡಿಕೊಂಡು ಕಣ್ಣಲ್ಲಿ ನೀರು ತಂದುಕೊಂಡಳು.

ಶೈಲಶ್ರೀ ಕೈಯಲ್ಲಿದ್ದ ಬ್ರಷ್ಷನ್ನು ಬೆನ್ನ ಹಿಂದೆ ಅಡಗಿಸಿದಳು. ಆದರೂ ಮುಂದೆ ಬಂದಳು. "ಅಕ್ಕಾರ, ಏನಾಗೈತಿ ನಾನು ನೋಡ್ತೀನ್ರಿ. ನಾಳೆ ಬೆಳಿಗ್ಗೆ ಆರೂವರೆಗೆ ಒಂದ್ಸಲ ಕುಂದ್ರಸ್ರಿ."

"ನಾಳೆ ಹನ್ನೊಂದಕ್ಕ ಮುಹೂರ್ತ, ಶೈಲಾ. ನನ್ನ ಮಗಳ ಮುಖದ ಮ್ಯಾಲೆ ನೀನು ಕಲ್ಯಾಕ ಹೋಗ್ಬ್ಯಾಡ."

"ಅವ್ವಾ, ಒಂದ್ಸಲ," ಎಂದಳು ಸ್ಫೂರ್ತಿ, ಮೂಗು ಒರೆಸಿಕೊಳ್ಳುತ್ತ. ಹಟ ಹಿಡಿದು ಇವಳನ್ನು ಆರಿಸಿದ್ದು ತಾನಲ್ಲವೇ, ಅವಳ ಮಾನವೂ ಇದರಲ್ಲಿ ಸಿಕ್ಕಿಕೊಂಡಿತ್ತು.

ಸುಧಾರಾಣಿ ಯೋಚಿಸಿದಳು. "ಆತು. ಆರೂವರೆಗೆ ಬರ್ತೀವಿ. ಆದ್ರ ಹೊಸಪೇಟಿಯಿಂದ ಒಬ್ಬಾಕಿಗೆ ಎಂಟಕ್ಕ ಬಾ ಅಂತ ಹೇಳಿರ್ತೀನಿ. ನೀನು ಕೆಡಿಸಿದ್ರ ಒರಸಿ ಆಕಿ ಮಾಡ್ತಾಳ."

ಅವರು ಹೋದರು. ನಗು ಮಾತ್ರ ಓಣಿಯಲ್ಲೇ ಉಳಿಯಿತು. ಶೈಲಶ್ರೀ ಒಳಗೆ ಬಂದು ತಿರುಗುವ ಕುರ್ಚಿಯ ಮೇಲೆ ಕೂತಳು. ಕನ್ನಡಿಯಲ್ಲಿ ತನ್ನ ಮುಖ ಬಂಗಾರದ ಹಾಗೆ ಹೊಳೆಯುತ್ತಿತ್ತು, ಇಷ್ಟು ದುಃಖದಲ್ಲೂ. ಅದನ್ನು ಕಂಡು ಅವಳಿಗೆ ಮೈಯೆಲ್ಲ ಉರಿಯಿತು.

"ಈ ಗ್ವಾಡೀನ ಸರಿ ಇಲ್ಲ," ಎಂದಳು.

"ಕುಣಿಲಾರದಾಕಿ ನೆಲ ಡೊಂಕು ಅಂದ್ಲಂತ," ಎಂದಳು ಕೊಟ್ರಮ್ಮ.

ಕಿಟಕಿಯ ಚೌಕಟ್ಟಿಗೆ ಎರಡನೇ ಕೋಟ್ ಹೊಡೆಯಲು ಬಂದಿದ್ದ ಜಂಬಯ್ಯ ಇಷ್ಟು ಹೊತ್ತು ಹೊರಗೆ ನಿಂತು ಎಲ್ಲ ನೋಡಿದ್ದ. ಬ್ರಷ್ಷನ್ನು ನೀರಿಗೆ ಹಾಕಿ ಒಳಗೆ ಬಂದ.

"ಅಮ್ಮಾರ, ಒಂದು ಮಾತು ಹೇಳ್ಲ್ಯಾ? ನಮ್ಮ ಬಂಡ್ರ್ಯಾಗ ಗಣಿ ಕೆಲ್ಸ ಮುಗಿಸಿ ಮನಿಗೆ ಬಂದಾಗ ನಾವು ಯಾರೂ ಕೆಂಪಗೆ ಕಾಣ್ತಿರ್ಲಿಲ್ಲ. ರಸ್ತೆ ಕೆಂಪು, ಗಿಡ ಕೆಂಪು, ಗ್ವಾಡಿ ಕೆಂಪು, ನಾವೂ ಕೆಂಪು. ಕನ್ನಡಿ ನೋಡ್ಕೊಂಡು ಚಲೋ ಅದೀನಿ ಅಂತ ತಲಿ ಬಾಚ್ಕೊಂಡು ಬಸ್ ಹತ್ತೋದು. ಹೊಸಪೇಟಿ ಸ್ಟ್ಯಾಂಡಿನಾಗ ಇಳಿದ್ರ ಮಂದಿ ನಿಂತು ನಿಂತು ನೋಡೋರು. ಆವಾಗ ಗೊತ್ತಾಗೋದು, ಕಿವಿ ಹಿಂದೆಲ್ಲ ಧೂಳು ಹಂಗ ಐತಿ ಅಂತ."

ಶೈಲಶ್ರೀ ಕುರ್ಚಿಯಿಂದ ಎದ್ದು ನಿಂತಳು. ಅಷ್ಟೇ ಸಾಕಾಗಿತ್ತು ಅವಳಿಗೆ. ಅರಿಶಿಣದ ಹುಡುಗಿಯನ್ನು ಅರಿಶಿಣವನ್ನೇ ಅಡಗಿಸುವ ಕನಕಾಂಬರದ ಕೋಣೆಯಲ್ಲಿ ಕೂಡಿಸಿದ್ದೇ ತಪ್ಪು. ಗುರುವಾರ ಓಣಿಯ ಇಪ್ಪತ್ತು ಹೆಂಗಸರನ್ನು ಕೂಡಿಸಿ ನೋಡಿದ್ದಾಯಿತು. ಅರಿಶಿಣ ಹಚ್ಚಿಕೊಂಡವಳನ್ನು ಒಬ್ಬಳನ್ನೂ ಕೂಡಿಸಲಿಲ್ಲ. ಈ ಊರಲ್ಲಿ ಯಾವ ಮದುಮಗಳು ಅರಿಶಿಣ ಇಲ್ಲದೆ ಬರುತ್ತಾಳೆ?

"ಇದನ್ನ ತೆಗಿಬೇಕು, ಜಂಬಣ್ಣ. ಇವತ್ತ ತೆಗಿಬೇಕು."

"ನೀಲಿ ಹಚ್ಲ್ಯಾ? ಡಬ್ಬಿ ಐತಲ್ಲ."

ಶೈಲಶ್ರೀ ಡಬ್ಬಿಯ ಮುಚ್ಚಳಕ್ಕೆ ಹಾಕಿದ ಕೈಯನ್ನು ಹಿಂದೆ ತೆಗೆದಳು. ದುರ್ಗಕ್ಕ ಸತ್ತು ಮೂರು ದಿನವಾದಂತೆ ಕಂಡದ್ದು ನೆನಪಾಯಿತು. ನೀಲಿಯೂ ಸುಳ್ಳೇ. ಅದರ ಮುಂದೆ ಕೂಡಿಸಿದರೆ ಮುಖ ಬಾಡಿದೆ ಎಂದು ತಾನು ಕೆಂಪು ಬಳಿದು ಬಳಿದು ಹುಡುಗಿಯನ್ನು ಬಯಲಾಟದ ವೇಷ ಮಾಡಿ ಕಳಿಸುತ್ತೇನೆ. ತಂಪು ಬೇಕು, ಆದರೆ ಮುಖಕ್ಕೆ ಏನನ್ನೂ ಕೊಡದ, ಮುಖದಿಂದ ಏನನ್ನೂ ಕಿತ್ತುಕೊಳ್ಳದ ತಂಪು. ಅದು ಯಾವ ಬಣ್ಣ? ಕಾರ್ಡಿನ ಮೇಲೆ ಬೆರಳಾಡಿಸಿದಳು. ಬರೀ ಬಿಳಿ ಹಚ್ಚಿದರೆ ಕಿಟಕಿಯ ಬಿಸಿಲಿಗೆ ಕಣ್ಣು ಕುಕ್ಕುತ್ತದೆ. ತಲೆಯೆತ್ತಿದಳು. ಎದುರಿಗೆ ಅತ್ತೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು, ಕರಿಯ ಹಣೆಯ ಮೇಲೆ ಬೆಳಗಿನ ಪೂಜೆಯಲ್ಲಿ ಎಳೆದ ವಿಭೂತಿಯ ಮೂರು ಗೆರೆ. ಬಿಳಿಯೂ ಅಲ್ಲ, ಬೂದಿಯೂ ಅಲ್ಲ. ನೋಡಿದರೆ ಕಣ್ಣು ತಣ್ಣಗಾಗುವಂಥದ್ದು. ಅದರ ಪಕ್ಕದಲ್ಲಿ ಅತ್ತೆಯ ಮೈಬಣ್ಣ ಇದ್ದದ್ದು ಇದ್ದ ಹಾಗೇ ಕಾಣುತ್ತಿತ್ತು.

"ಜಂಬಣ್ಣ, ಆ ಬಣ್ಣ," ಎಂದು ಅತ್ತೆಯ ಹಣೆ ತೋರಿಸಿದಳು.

ಕೊಟ್ರಮ್ಮ ಹಣೆ ಮುಟ್ಟಿಕೊಂಡಳು. "ಹುಚ್ಚು ಹಿಡಿತೇನು ನಿನಗ? ಮದಿಮಗಳ ಕೋಣಿಗೆ ಇಬತ್ತಿ ಬಣ್ಣ?"

"ಅತ್ತಿ, ಬಂದಾಕಿ ಇಲ್ಲಿ ಚಂದ ಕಂಡು ಬೀದ್ಯಾಗ ನಗಿಸ್ಕೊಳ್ಳೋದು ಬ್ಯಾಡ್ರಿ. ಇಲ್ಲಿ ಇದ್ದಂಗ ಕಾಣ್ಲಿ. ಚಂದ ಮಾಡೋದು ನನ್ನ ಕೆಲ್ಸ, ಗ್ವಾಡಿದಲ್ಲ."

ಕೊಟ್ರಮ್ಮ ಗೋಡೆಗಳನ್ನು ಸುತ್ತ ನೋಡಿದಳು. ಎರಡು ದಿನದಿಂದ ಆಕೆ ದಿನಕ್ಕೆ ನಾಲ್ಕು ಸಲ ಏನಾದರೂ ನೆಪ ಹೇಳಿ ಈ ಕೋಣೆಗೆ ಬರುತ್ತಿದ್ದುದು ಶೈಲಶ್ರೀಗೆ ಗೊತ್ತಿತ್ತು. ಈ ಬಣ್ಣ ಹೋದರೆ ಕನ್ನಡಿಯಲ್ಲಿ ಮತ್ತೆ ಹಳೇ ಕರಿಯವ್ವ. ಅದನ್ನು ಬಾಯಿಬಿಟ್ಟು ಹೇಳುವ ಪೈಕಿ ಆಕೆಯಲ್ಲ, ಕೇಳುವ ಪೈಕಿ ಸೊಸೆಯೂ ಅಲ್ಲ. ಹೊರಗೆ ಯಾರೋ ಹೋಗುತ್ತ "ಕುಂಬಳಕಾಯಿ" ಎಂದು ನಕ್ಕ ಸದ್ದು ಕೇಳಿಸಿತು. ಕೊಟ್ರಮ್ಮನ ಮೂಗಿನ ಹೊಳ್ಳೆ ಅರಳಿತು.

"ನನ್ನ ಸೊಸಿಗೆ ನಾನು ಬೈತೀನಿ. ಇವ್ರು ಯಾರು ನಗಾಕ?" ಎಂದು ದೇವರ ಮನೆಗೆ ಹೋಗಿ ವಿಭೂತಿಯ ಗಟ್ಟಿಯನ್ನೇ ತಂದಳು. "ಮುಟ್ಟಬ್ಯಾಡ್ರಿ ಯಾರೂ. ನಾನ ಹಿಡ್ಕೊಂತೀನಿ. ಜಂಬಯ್ಯ, ನೋಡ್ಕೊಂಡು ಕಲಸು."

ಜಂಬಯ್ಯನಿಗೆ ಇಷ್ಟು ವರ್ಷದಲ್ಲಿ ಇಂಥ ಕೆಲಸ ಸಿಕ್ಕಿರಲಿಲ್ಲ. ಬಿಳಿ ಡಿಸ್ಟೆಂಪರಿಗೆ ಎರಡು ಹನಿ ಕಪ್ಪು, ಒಂದು ಹನಿ ನೀಲಿ ಬಿಟ್ಟು ಕಲಸಿದ. ಹಲಗೆಗೆ ಬಳಿದು ವಿಭೂತಿಯ ಪಕ್ಕ ಹಿಡಿದ. ಹೆಚ್ಚಾಯಿತು. ಇನ್ನಷ್ಟು ಬಿಳಿ. ಮತ್ತೆ ಹಿಡಿದ. ಕೊಟ್ರಮ್ಮ ತಲೆಯಲ್ಲಾಡಿಸಿದಳು. ಐದನೇ ಸಲಕ್ಕೆ ಆಕೆ ಹೂಂ ಅನ್ನುವ ತನಕ ಅವನು ಕಲಸುತ್ತಲೇ ಇದ್ದ. ಆಮೇಲೆ ಅವನು ರೋಲರ್ ಹಿಡಿದ, ಶೈಲಶ್ರೀ ಬ್ರಷ್ ಹಿಡಿದಳು, ಡ್ಯೂಟಿಯಿಂದ ಬಂದ ಹಂಪೇಶ ಖಾಕಿ ಅಂಗಿ ಬಿಚ್ಚಿ ಸ್ಟೂಲು ಹತ್ತಿದ. ಮೊದಲ ಕೋಟಿಗೆ ಕನಕಾಂಬರ ಇಣುಕುತ್ತಿತ್ತು, ಎರಡನೆಯದಕ್ಕೆ ಮುಚ್ಚಿತು. ಶೈಲಶ್ರೀಯ ಕೈ ಸೋತಿತ್ತು, ಕೂದಲೆಲ್ಲ ಬೂದು ಚುಕ್ಕೆ, ಆದರೂ ಹಾಡು ಗುನುಗುತ್ತಿದ್ದಳು. ತಪ್ಪು ಎಲ್ಲಿದೆ ಎಂದು ಗೊತ್ತಾದ ಮೇಲೆ ಅವಳಿಗೆ ಹೆದರಿಕೆ ಅರ್ಧ ಇಳಿದುಹೋಗಿತ್ತು. ದೀಪ ಹಚ್ಚುವ ಹೊತ್ತಿಗೆ ಕೆಲಸ ಮುಗಿದು, ಮನೆಯಲ್ಲಿದ್ದ ಎರಡೂ ಟೇಬಲ್ ಫ್ಯಾನು ಗೋಡೆಯ ಕಡೆ ತಿರುಗಿಸಿಟ್ಟರು.

ಭಾನುವಾರ ಆರೂವರೆಗೆ ಸರಿಯಾಗಿ ಕಾರು ಬಂತು. ಒಳಗೆ ಕಾಲಿಟ್ಟ ಸುಧಾರಾಣಿ ಗೋಡೆ ನೋಡಿ ಹುಬ್ಬು ಗಂಟಿಕ್ಕಿದಳು. ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತು, ಫೋನಿನಲ್ಲಿ ಗಂಟೆ ನೋಡಿಕೊಂಡಳು. ಸ್ಫೂರ್ತಿ ಕುರ್ಚಿಯಲ್ಲಿ ಕೂತು ಕನ್ನಡಿ ನೋಡಿ, "ಅಕ್ಕಾ, ನಾನು ಇಷ್ಟು ಹಳದಿ ಅದೀನಾ?" ಎಂದಳು.

"ಹೂಂ. ಅಷ್ಟ ಅದೀ," ಎಂದಳು ಶೈಲಶ್ರೀ. "ಈಗ ಎಲ್ಲಾ ಕಾಣ್ತೈತಿ, ಹೆದರ್ಬ್ಯಾಡ."

ನಿಜಕ್ಕೂ ಎಲ್ಲ ಕಾಣುತ್ತಿತ್ತು. ಕಿವಿಯ ಹಿಂದೆ ಹತ್ತಿದ ಅರಿಶಿಣ, ಗದ್ದದ ಕೆಳಗೆ ಮುತ್ತೈದೆಯ ಬೆರಳು ಎಳೆದ ಗೆರೆ, ಹಣೆಯ ಅಂಚು, ಮದುವೆಯ ಗಡಿಬಿಡಿಯಲ್ಲಿ ನಿದ್ದೆಗೆಟ್ಟು ಕಣ್ಣಿನ ಸುತ್ತ ಬಂದ ಕಪ್ಪು. ನಿನ್ನೆ ಇವಾವುವೂ ಇರಲಿಲ್ಲವೇ? ಇದ್ದವು, ಗೋಡೆ ನುಂಗಿಕೊಂಡಿತ್ತು. ಶೈಲಶ್ರೀ ಅರಿಶಿಣವನ್ನು ಮುಚ್ಚಲು ಹೋಗಲಿಲ್ಲ. ತನ್ನ ಕೈ ಹಿಂಭಾಗದ ಮೇಲೆ ಎರಡು ಕ್ರೀಮು ಬೆರೆಸಿ, ಕತ್ತಿನ ಪಕ್ಕ ಹಿಡಿದು ನೋಡಿ, ಮತ್ತೊಂದು ಚೂರು ಹಳದಿ ಸೇರಿಸಿ, ಅರಿಶಿಣ ಎಷ್ಟಿದೆಯೋ ಅಷ್ಟಕ್ಕೇ ಮುಖವನ್ನು ತಂದು ನಿಲ್ಲಿಸಿದಳು. ಕಿವಿಗೆ ಹಚ್ಚಿದಳು, ಕತ್ತಿಗೆ ಇಳಿಸಿದಳು, ಮೊಣಕೈ ತನಕ ಸವರಿದಳು. ಒಂದು ತಾಸಿನಲ್ಲಿ ಮುಗಿಯಿತು.

ಸ್ಫೂರ್ತಿ ಬಹಳ ಹೊತ್ತು ಕನ್ನಡಿ ನೋಡಿದಳು. "ನಿನ್ನೆ ಭಾಳ ಬೆಳ್ಳಗ ಕಂಡಿದ್ದೆ," ಎಂದಳು ಮೆಲ್ಲಗೆ.

ಶೈಲಶ್ರೀ ಅವಳ ಹೆಗಲ ಮೇಲಿನ ಟವೆಲ್ಲು ತೆಗೆದಳು. ಬಾಗಿಲ ಕಡೆ ಕೈ ತೋರಿಸಿದಳು. ಹೊರಗೆ ಬಿಸಿಲು ಏರಿತ್ತು. ನಿನ್ನೆ ನಕ್ಕವರೆಲ್ಲ ಹಲ್ಲುಜ್ಜುವ ನೆಪದಲ್ಲಿ ಕಟ್ಟೆಗಳ ಮೇಲೆ ಹಾಜರಿದ್ದರು. ಮಗಳ ಹಿಂದೆಯೇ ಸುಧಾರಾಣಿ ಇಳಿದಳು. ಬಿಸಿಲಿಗೆ ನಿಲ್ಲಿಸಿ ಮಗಳ ಸುತ್ತ ಒಂದು ಸುತ್ತು ಬಂದಳು. ಗದ್ದ ಹಿಡಿದು ಎತ್ತಿದಳು, ಕಿವಿ ಮಡಚಿ ನೋಡಿದಳು. ಗದ್ದಕ್ಕೂ ಕತ್ತಿಗೂ ನಡುವೆ ಹೆಬ್ಬೆರಳು ಎಳೆದು, ಗೆರೆ ಹುಡುಕಿದಳು. ಗೆರೆಯೇ ಇರಲಿಲ್ಲ. ಮಗಳು ಮಗಳ ಹಾಗೇ ಇದ್ದಳು, ಆದರೆ ಹತ್ತು ದಿನ ಚೆನ್ನಾಗಿ ನಿದ್ದೆ ಮಾಡಿ, ಹತ್ತು ದಿನ ಚೆನ್ನಾಗಿ ನಕ್ಕು ಬಂದವಳ ಹಾಗೆ. ಮೈಮೇಲಿನ ಅರಿಶಿಣವೇ ಈಗ ಅವಳಿಗೆ ಕಳೆ ಕೊಟ್ಟಿತ್ತು. ಫೋನಿನಲ್ಲಿ ತನ್ನನ್ನು ನೋಡಿಕೊಂಡ ಸ್ಫೂರ್ತಿ ಕಣ್ಣು ಅಗಲಿಸಿ, ಓಡಿ ಬಂದು ಶೈಲಶ್ರೀಯ ಕೈ ಹಿಡಿದುಕೊಂಡಳು.

ಸುಧಾರಾಣಿ ಮೆಟ್ಟಿಲು ಹತ್ತಿದಳು. ಕೋಣೆಯೊಳಗೆ ಬಂದು, ಕತ್ತಿನ ಸರ ಬಿಚ್ಚಿ ಕೊಟ್ರಮ್ಮನ ಕೈಗಿಟ್ಟು, ತಿರುಗುವ ಕುರ್ಚಿಯಲ್ಲಿ ಕೂತಳು.

"ನನಗೂ ಹಚ್ಚವ್ವ. ಇನ್ನ ಟೈಮೈತಿ."

"ಹೊಸಪೇಟಿಯಾಕಿ ಎಂಟಕ್ಕ ಬರ್ತಾಳಲ್ರಿ ಅಕ್ಕಾರ?"

"ಬರ್ಲಿ. ಬೀಗರಿಗೆ ಹಚ್ಲಿ."

ಬಾಗಿಲಲ್ಲಿ ನಿಂತಿದ್ದ ಮದುವೆ ಮನೆಯ ಹೆಂಗಸರು ಒಬ್ಬರ ಹಿಂದೊಬ್ಬರು ಚಪ್ಪಲಿ ಬಿಟ್ಟು ಒಳಗೆ ಬಂದು ಗೋಡೆಗೆ ಒರಗಿ ಸಾಲು ಹಚ್ಚಿದರು. ಅವರ ಬೆನ್ನ ಹಿಂದೆ ಓಣಿಯವರು. ಸುಧಾರಾಣಿ ಕನ್ನಡಿಯಲ್ಲಿ ತನ್ನ ಮುಖದ ಸುಕ್ಕುಗಳನ್ನೆಲ್ಲ ಒಂದೊಂದಾಗಿ ನೋಡಿಕೊಂಡಳು.

"ಖೋಡಿ ಗ್ವಾಡಿ, ಏನೂ ಮುಚ್ಚಂಗಿಲ್ಲ ನೋಡು," ಎಂದಳು. "ಈ ಬಣ್ಣ ಯಾರು ಆರ್ಸಿದ್ದು?"

ಜಂಬಯ್ಯ ಬಾಗಿಲಾಚೆಯಿಂದ ಶೈಲಶ್ರೀಯನ್ನು ನೋಡಿದ. ಶೈಲಶ್ರೀ ಬಾಯಿ ತೆರೆಯುವಷ್ಟರಲ್ಲಿ ಕೊಟ್ರಮ್ಮ ಸರವನ್ನು ಸೆರಗಿನಲ್ಲಿ ಭದ್ರವಾಗಿ ಗಂಟು ಹಾಕಿಕೊಂಡು ಮುಂದೆ ಬಂದಳು.

"ನಾನ. ಮತ್ತ್ಯಾರು ಆರಿಸ್ತಾರ? ನಮ್ಮ ಪಾರ್ಲರಿಗೆ ಇದ ಬಣ್ಣ ಆಗ್ಬೇಕು ಅಂತ ಹಟ ಹಿಡಿದು ಹಚ್ಚಿಸೀನಿ. ಈಗಿನ ಹುಡುಗ್ಯಾರಿಗೆ ಬಣ್ಣದ್ದು ಏನ್ ತಿಳಿತೈತ್ರಿ?"

ನಮ್ಮ ಪಾರ್ಲರು. ಅಂದರೆ ಕೋಣೆ ಇನ್ನು ಹೊನ್ನೂರಪ್ಪನಿಗಲ್ಲ. ಶೈಲಶ್ರೀಗೆ ನಗು ಬಂತು. ಅವಳು ಅತ್ತೆಯ ಕಡೆ ತಿರುಗಿ ನೋಡುವ ಧೈರ್ಯ ಮಾಡಲಿಲ್ಲ. ನೋಡಿದರೆ ಎಲ್ಲರ ಮುಂದೆ ಅತ್ತುಬಿಡುತ್ತಿದ್ದಳು. ಹತ್ತಿಯನ್ನು ನೀರಿಗೆ ಅದ್ದಿ ಹಿಂಡಿ, ಕಣ್ಣು ಮುಚ್ಚಿಕೊಳ್ಳಲು ಸುಧಾರಾಣಿ ಅಕ್ಕನಿಗೆ ಹೇಳಿದಳು.